ಗಿಳಿಯಜ್ಜಿಯ ಪೆಟ್ಟಿಗೆ

ಎಲ್ಲಕ್ಕೂ ಕಾರಣ ಒಂದು ತಟ್ಟೆ. ಮೃಗಾಲಯದ ಗಿಳಿಯಜ್ಜಿಗೆ ದಿನವೂ ತಟ್ಟೆ ತುಂಬ ಕಾಳು. ಗಳಿಗೆಯಲ್ಲಿ ತಿಂದು ಮುಗಿಸಿ, ಉಳಿದ ಹೊತ್ತೆಲ್ಲ ಬೇಸರಕ್ಕೆ ತನ್ನ ಎದೆಯ ಗರಿಯನ್ನೇ ಕಿತ್ತುಕೊಳ್ಳುತ್ತಿತ್ತು. ಎದೆ ಸುಲಿದ ಆಲೂಗಡ್ಡೆಯ ಹಾಗಾಗಿತ್ತು.

ಅದನ್ನು ನೋಡಿಕೊಳ್ಳುವವನನ್ನು ಎಲ್ಲರೂ ಕನ್ನಡಕದಣ್ಣ ಎನ್ನುತ್ತಿದ್ದರು. ಕನ್ನಡಕ ತೆಗೆದರೆ ಅವನಿಗೆ ಎದುರಿಗಿದ್ದ ಆನೆಯೂ ಕಾಣದು. ಅಜ್ಜಿಯ ಬೋಳು ಎದೆ ನೋಡಿ ಅವನು ಯೋಚಿಸಿದ. ಕಾಡಿನಲ್ಲಿ ಹಕ್ಕಿಗೆ ಯಾರು ತಟ್ಟೆ ಹಾಕುತ್ತಾರೆ? ರಟ್ಟಿನ ಪೆಟ್ಟಿಗೆಗೆ ಒಣ ಎಲೆ ತುಂಬಿ, ಕಾಳನ್ನು ಕಾಗದದಲ್ಲಿ ಸುತ್ತಿ ಒಳಗೆ ಬಚ್ಚಿಟ್ಟು, "ಹುಡುಕು ಕಂದ, ಹುಡುಕು" ಎಂದು ಮಗುವಿಗೆ ಹೇಳುವ ಹಾಗೆ ಹೇಳಿ ಹೇಳಿ ಕಲಿಸಿದ. ಪೊಟ್ಟಣವನ್ನು ಕಾಲಲ್ಲಿ ಹಿಡಿದು ಅಜ್ಜಿ ಬಿಚ್ಚುವ ನಾಜೂಕಿಗೆ ಅಕ್ಕಸಾಲಿಗನೂ ತಲೆದೂಗಬೇಕು. ಎದೆಯ ಮೇಲೆ ಹತ್ತಿಯಂಥ ಮರಿಗರಿ ಮೂಡಿತು.

ಇವತ್ತು ಮೃಗಾಲಯದ ಮೇಲಧಿಕಾರಿ ಮೇಡಂ ಬಂದು ನೋಡುವ ದಿನ. ಅಜ್ಜಿ ಹುಡುಕಿ ತಿಂದರೆ ಸರಿ. ಇಲ್ಲವಾದರೆ ಹಿಂಬದಿಯ ಕತ್ತಲೆಕೋಣೆಗೆ, ಒಂಟಿಯಾಗಿ.

ಸುದ್ದಿ ಕೇಳಿ ಜೊತೆಯವರಿಗೆಲ್ಲ ಕರುಣೆ ಉಕ್ಕಿತು. ಪರೀಕ್ಷೆಗೆ ಕೂರುವ ಹಕ್ಕಿ ಹಸಿದಿರಬಾರದೆಂದು ಟಿಕೆಟ್ ಕೊಡುವಾಕೆ ಕಡಲೆಕಾಯಿ ತಿನ್ನಿಸಿದಳು. ಕಾವಲುಗಾರ ಸೇಬು ಕೊಟ್ಟ. ಅಡುಗೆಯವನು ಜೋಳವನ್ನೂ ಕೊಟ್ಟ, ಬುದ್ಧಿಯನ್ನೂ ಹೇಳಿದ: "ಮುದುಕಿ ಕೈಲಿ ಯಾಕಯ್ಯ ಕೂಲಿ ಮಾಡಿಸ್ತೀಯ?"

ಮೇಡಂ ಪಂಜರದೊಳಗೆ ಬಂದಾಗ ಅಜ್ಜಿ ಮದುವೆಯೂಟ ಮುಗಿಸಿದ ಬೀಗಿತ್ತಿಯ ಹಾಗೆ ಕೂತಿತ್ತು. ಕನ್ನಡಕದಣ್ಣ ಎಷ್ಟು ಅಂಗಲಾಚಿದರೂ ಪೆಟ್ಟಿಗೆಯತ್ತ ತಿರುಗಲಿಲ್ಲ. ಮೇಡಂ ಬೇಸತ್ತು ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸತೊಡಗಿದರು. ಅಜ್ಜಿಯ ಕತ್ತು ಓರೆಯಾಯಿತು. ಟಪಕ್ಕನೆ ಕೀ ಕೊಕ್ಕಿಗೆ ಬಂತು. ಪೆಟ್ಟಿಗೆಗೆ ಇಳಿದ ಅಜ್ಜಿ ಎಲೆಯೊಳಗೆ ಮುಳುಗಿ, ಬರಿಗೊಕ್ಕಿನಲ್ಲಿ ಮೇಲೆದ್ದಿತು.

ಮೇಡಂ ಮಂಡಿಯೂರಿದರು. ಎಲೆ ಕೆದಕಿದರು, ಪೊಟ್ಟಣ ಬಿಚ್ಚಿದರು, ತಲೆಯನ್ನೇ ಪೆಟ್ಟಿಗೆಗೆ ಹಾಕಿದರು. ಕೊನೆಗೆ ಕೀ ಸಿಕ್ಕಾಗ ಅವರ ಮುಖ ಕಣ್ಣಾಮುಚ್ಚಾಲೆಯಲ್ಲಿ ಗೆದ್ದ ಮಗುವಿನ ಹಾಗೆ ಅರಳಿತ್ತು.

"ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ ಕಣ್ರೀ," ಎಂದರು, ಕೂದಲಿನ ಎಲೆ ಕೊಡವಿಕೊಳ್ಳುತ್ತ. "ಅಜ್ಜಿ ಇಲ್ಲೇ ಇರಲಿ. ನಾಳೆ ಬೆಳಿಗ್ಗೆ ಹೊತ್ತಿಗೆ ಎಲ್ಲಾ ಪಂಜರಕ್ಕೂ ಒಂದೊಂದು ಪೆಟ್ಟಿಗೆ ಮಾಡಿಬಿಡಿ."

ಎಲ್ಲಾ ಪಂಜರಕ್ಕೂ! ಕನ್ನಡಕದಣ್ಣ ನೆರವಿಗೆ ತಿರುಗಿದರೆ ಆ ಕರುಣಾಳುಗಳಲ್ಲಿ ಒಬ್ಬರೂ ಇಲ್ಲ. ಅವನು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಬೆವರೊರೆಸಿಕೊಂಡು, ಇನ್ನು ಕೆಲಸ ಶುರು ಮಾಡೋಣವೆಂದು ಕೈಚಾಚಿದ. ಕನ್ನಡಕವಿಲ್ಲ. ಪೆಟ್ಟಿಗೆಯಲ್ಲಿ ಎಲೆ ಸರಸರ ಎಂದಿತು.

ಇಷ್ಟು ದಿನ ಒಂದು ಮಾತೂ ಆಡದ ಗಿಳಿಯಜ್ಜಿ ಅವನದೇ ದನಿಯಲ್ಲಿ, ಅವನದೇ ಅಕ್ಕರೆಯಲ್ಲಿ ಹೇಳಿತು:

"ಹುಡುಕು ಕಂದ, ಹುಡುಕು."