ಒದ್ದೆ ಬಣ್ಣದ ಚೀಲ

ಎರಡು ಬಿಳಿ ಬಟ್ಟೆ ಚೀಲಕ್ಕೆ ಒಂದು ವಾರದ ಬಸ್ ಚಾರ್ಜು ಹೋಯಿತು. ನಾಲ್ಕು ಸೀಸೆ ಬಣ್ಣಕ್ಕೆ ಒಂದು ತಿಂಗಳ ಟೀ ಹೋಯಿತು. ಅಗಲವಾದ ಬ್ರಷ್ಷನ್ನು ಅಂಗಡಿಯವನು ಪುಕ್ಕಟೆ ಕೊಟ್ಟ. ಆದರೆ ಅದನ್ನು ನೋಡಿ ಹೆಂಡತಿ ಆಡಿದ ಮಾತನ್ನೂ ಲೆಕ್ಕಕ್ಕೆ ಹಿಡಿದರೆ ಎಲ್ಲಕ್ಕಿಂತ ದುಬಾರಿಯಾದದ್ದು ಆ ಬ್ರಷ್ಷೇ.

"ಇಪ್ಪತ್ತೆರಡು ವರ್ಷ ಬಟ್ಟೆ ಮೇಲಿನ ಬಣ್ಣ ತೆಗೆದು ಸಂಬಳ ತಂದ್ರಿ. ಈಗ ಕೈಯಿಂದ ದುಡ್ಡು ಹಾಕಿ ಬಣ್ಣ ಬಳೀತೀರಾ?"

ಮಾತಿನಲ್ಲಿ ಸುಳ್ಳಿರಲಿಲ್ಲ. ಅವನು ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನ ಕೆಲಸಗಾರ. ಶಾಯಿ, ತುಕ್ಕು, ಎಣ್ಣೆ, ಟೀ, ಗಂಡಂದಿರ ಕಾಲರಿನ ಲಿಪ್‌ಸ್ಟಿಕ್ಕು, ಎಲ್ಲವನ್ನೂ ಏನೂ ಕೇಳದೆ ತೆಗೆದುಕೊಟ್ಟಿದ್ದ. ಅದಕ್ಕೆ ಪ್ರತಿಯಾಗಿ ಅವನ ಬೆರಳಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. "ಬ್ಲೀಚಿನಿಂದ ಕೈ ಆಚೆ ತೆಗೀರಿ, ಇಲ್ಲಾಂದ್ರೆ ನನ್ನ ಹತ್ರ ಬರೋದನ್ನಾದ್ರೂ ಬಿಡಿ" ಎಂದು ಡಾಕ್ಟರು ಬೇಸತ್ತು ಹೇಳಿದ್ದರು.

ಹಾಗಾಗಿ ಅವನೇ ಧೈರ್ಯ ಮಾಡಿ ಮುಖ್ಯರಸ್ತೆಯ ಉಡುಗೊರೆ ಅಂಗಡಿಯ ಒಡತಿಯನ್ನು ಕಂಡಿದ್ದ. ಒದ್ದೆ ಕಾಗದದ ಮೇಲೆ ಬಣ್ಣ ಹರಡಿದ ಹಾಗೆ ಕಾಣುವ ಚೀಲ ಮಾಡಿಕೊಡುತ್ತೇನೆ ಎಂದಿದ್ದ. ಅಂಗಡಿಯಮ್ಮ, "ನೀವು ಹೇಳೋದು ನನ್ನ ತಲೆಗೆ ಹೋಗ್ತಿಲ್ಲ. ಒಂದು ಮಾಡಿ ತನ್ನಿ. ಶುಕ್ರವಾರ ಸಂಜೆ ಆರರೊಳಗೆ. ಹಿಡಿಸಿದ್ರೆ ನೂರು ಚೀಲ ನಿಮಗೇ" ಎಂದಿದ್ದರು. ನೂರು ಚೀಲದ ಕೆಲಸ ಸಿಕ್ಕರೆ ಲಾಂಡ್ರಿಯಲ್ಲಿ ಅರ್ಧ ದಿನ ದುಡಿದರೆ ಸಾಕು, ಉಳಿದರ್ಧ ದಿನ ಕೈಗೆ ಬಿಡುವು. ಧಣಿ ಅದಕ್ಕೆ ಒಪ್ಪಿಯೂ ಆಗಿತ್ತು.

ಧೈರ್ಯ ಸಾಲದೆ ಮೂರು ದಿನ ಕಳೆದು, ಶುಕ್ರವಾರ ಬೆಳಿಗ್ಗೆ ಆರಕ್ಕೆ ಕೂತ. ಚೀಲದೊಳಗೆ ಪ್ಲಾಸ್ಟಿಕ್ ಹಾಳೆ ತೂರಿಸಿ, ಸ್ಪಂಜಿನಿಂದ ನೀರು ಸವರಿ, ತೆಳ್ಳಗೆ ಕಲಸಿದ ನೀಲಿಯನ್ನು ಒಂದು ತೊಟ್ಟು ಬಿಟ್ಟ. ಬಣ್ಣ ಎಲ್ಲಿಗೆ ಓಡುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒದ್ದೆ ಇದ್ದಲ್ಲಿಗೆ ಓಡುತ್ತದೆ, ಒಣಗಿದಲ್ಲಿ ಅಂಚು ಕಟ್ಟಿ ನಿಲ್ಲುತ್ತದೆ. ಇಷ್ಟು ವರ್ಷ ಪೊಲೀಸಿನವನ ಹಾಗೆ ಅದನ್ನು ಅಟ್ಟಿಸಿಕೊಂಡು ಹೋದವನು ಇಂದು ಕಳ್ಳನ ಕಡೆ ಸೇರಿದ್ದ. ನೀಲಿಯ ಪಕ್ಕ ಹಸಿರು, ಹಸಿರಿನೊಳಕ್ಕೆ ಒಂದಿಷ್ಟು ಹಳದಿ. ಬಟ್ಟೆಯ ಮೇಲೆ ಮುಂಜಾವು ಇಳಿದ ಹಾಗಾಯಿತು. ಹೆಂಡತಿ ಬಂದು ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿರುವುದೆಂದರೆ ಸಣ್ಣ ಬಹುಮಾನವಲ್ಲ.

ಒಣಗಿದ ಮೇಲೆ ಬಿಸಿ ಇಸ್ತ್ರಿ ಹಾಕಿದರೆ ಬಣ್ಣ ಕೂರುತ್ತದೆ. ಅಲ್ಲಿಯವರೆಗೆ ಅದು ನೆಂಟನ ಹಾಗೆ, ಯಾವಾಗ ಬೇಕಾದರೂ ಎದ್ದು ಹೋಗಬಹುದು. ಮೊಗಸಾಲೆಯ ಹಗ್ಗಕ್ಕೆ ಚೀಲ ಹಾಕಿ ಸ್ನಾನಕ್ಕೆ ಹೋದ. ಬಂದಾಗ ಹಗ್ಗ ಖಾಲಿ. ಪಕ್ಕದ ಮನೆಯ ದೊಡ್ಡಮ್ಮ ತಮ್ಮ ಬಾಗಿಲಲ್ಲಿ ಬಕೆಟ್ಟಿನ ಮುಂದೆ ಕೂತು ಏನನ್ನೋ ತಿಕ್ಕುತ್ತಿದ್ದರು.

"ಯಾರೋ ಕೈ ನೆಟ್ಟಗಿಲ್ದೋರು ನಿನ್ನ ಹೊಸ ಚೀಲದ ಮೇಲೆ ಏನೇನೋ ಚೆಲ್ಲಿದ್ರಪ್ಪ. ಊರಿನ ಬಟ್ಟೆ ಒಗೆಯೋನಿಗೆ ಮನೆಯದ್ದಕ್ಕೆ ಎಲ್ಲಿ ಪುರುಸೊತ್ತು ಅಂತ ನಾನೇ ಕೂತೆ. ಅಗ್ಗದ ಸೋಪಲ್ಲ, ಒಳ್ಳೇದೇ ಹಾಕಿದೀನಿ."

ಬಕೆಟ್ಟಿನಿಂದ ಮೇಲೆ ಬಂದ ಚೀಲ ಎಮ್ಮೆ ಹೊರಳಿದ ಹೊಂಡದ ಬಣ್ಣಕ್ಕಿತ್ತು.

"ತುಂಬ ಉಪಕಾರ ಆಯ್ತು ದೊಡ್ಡಮ್ಮ."

"ಇದರಲ್ಲಿ ಉಪಕಾರ ಏನು ಬಂತು. ಬಿಸಿಲಲ್ಲಿ ಹಾಕು, ಇನ್ನೂ ಬೆಳ್ಳಗಾಗತ್ತೆ."

ಉಳಿದ ಒಂದೇ ಚೀಲವನ್ನೂ ಸೀಸೆಗಳನ್ನೂ ಬಗಲಿಗೆ ಹಾಕಿಕೊಂಡು ಅವನು ಕೆಲಸಕ್ಕೆ ಓಡಿದ. ಮಧ್ಯಾಹ್ನ ಊಟ ಬಿಟ್ಟು ತನ್ನ ಮೇಜಿನ ಮೇಲೆಯೇ ಬಣ್ಣ ಹಾಕಿದ. ಈ ಸಲ ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಒಣಗಲು ಬಿಟ್ಟು, ಬಿಟ್ಟಿದ್ದ ಟೀಯನ್ನು ಇವತ್ತೊಂದು ಲೋಟ ಕುಡಿದು ಬರೋಣವೆಂದು ಬೀದಿಗೆ ಇಳಿದ. ಆ ಒಂದು ಲೋಟದ ಹೊತ್ತಿನಲ್ಲಿ ಲಾಂಡ್ರಿ ತನ್ನ ಕರ್ತವ್ಯ ಮಾಡಿ ಮುಗಿಸಿತು.

ಮೊದಲು ಕೌಂಟರಿನ ಅಕ್ಕ ಬಂದು, ಚೀಟಿಯಿಲ್ಲದ ಬಟ್ಟೆ ಮೇಜಿನ ಮೇಲಿರುವುದು ಕಂಡು, "ಕಲೆ: ಪೂರ್ತಿ. ಯಾವುದು: ದೇವರಿಗೇ ಗೊತ್ತು" ಎಂದು ಬರೆದು ಪಿನ್ನು ಚುಚ್ಚಿದಳು. ಆಮೇಲೆ ಪಕ್ಕದ ಮೇಜಿನವನು ಬಂದ. ಯಾವ ಬಟ್ಟೆಯನ್ನಾದರೂ ಹಾಲಿನ ಹಾಗೆ ಮಾಡಿಕೊಡುತ್ತೇನೆ ಎಂದು ಗಿರಾಕಿಗಳಿಗೆ ಮಾತು ಕೊಟ್ಟೂ ಕೊಟ್ಟೂ ಅವನಿಗೆ ಹಾಲಣ್ಣ ಎಂದೇ ಹೆಸರು ಬಿದ್ದಿತ್ತು. ಅವನು ಚೀಟಿ ಓದಿದ, ತೋಳು ಮಡಚಿದ.

ನಮ್ಮವನು ತಿರುಗಿ ಬಂದಾಗ ಹಾಲಣ್ಣ ಚೀಲವನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದ. ಹಾಲಿಗಿಂತ ಬೆಳ್ಳಗಿತ್ತು.

"ನೋಡೋ. ನನ್ನ ಸರ್ವಿಸಲ್ಲೇ ಇಂಥ ಹೊಲಸು ಕಂಡಿರ್ಲಿಲ್ಲ. ಯಾವನೋ ತಲೆ ಕೆಟ್ಟೋನು ವಾಂತಿ ಮಾಡ್ಕೊಂಡ ಹಾಗಿತ್ತು."

"ಆ ತಲೆ ಕೆಟ್ಟೋನು ನಾನೇ ಹಾಲಣ್ಣ."

ಅವನು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದ. ಡಾಕ್ಟರ ಮಾತು ಹೇಳಿದ, ನೂರು ಚೀಲದ ಮಾತು ಹೇಳಿದ, ಬೆರಳು ತೋರಿಸಿದ. ಹಾಲಣ್ಣನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಕೌಂಟರಿನ ಅಕ್ಕ ತಾನು ಬರೆದ ಚೀಟಿಯನ್ನು ಮೆಲ್ಲಗೆ ಕಿತ್ತು ಮುದುರಿ ಜೇಬಿಗೆ ಹಾಕಿಕೊಂಡಳು.

"ಗಂಟೆ ಎಷ್ಟು?" ಎಂದಳು.

"ಮೂರೂವರೆ."

"ಹಾಗಾದ್ರೆ ಅಳ್ತಾ ಕೂತ್ಕೊಂಡ್ರೆ ಆಗಲ್ಲ. ಬ್ರಷ್ ತಗೊಳ್ಳಿ."

ಬೆಳ್ಳಗಾದ ಅದೇ ಚೀಲದ ಮೇಲೆ ಅವನು ಮತ್ತೆ ಬಣ್ಣ ಬಿಟ್ಟ. ಇಡೀ ಲಾಂಡ್ರಿ ಅವನ ಹಿಂದೆ ನಿಂತಿತು. ಅಕ್ಕ ಬಾಗಿಲಲ್ಲಿ ನಿಂತು, ಸಹಾಯ ಮಾಡಲು ಬಂದವರನ್ನೆಲ್ಲ ಬೈದು ಕಳಿಸಿದಳು. ಹಾಲಣ್ಣ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಬಿಟ್ಟರೆ ಅವು ಅಭ್ಯಾಸಬಲದಿಂದ ಏನಾದರೂ ಮಾಡಿಯಾವು ಎಂಬ ಭಯ ಅವನಿಗೆ. ಇಸ್ತ್ರಿ ತಾತ ದೊಡ್ಡ ಬ್ಲೋವರನ್ನು ತಂದು ಒಣಗಿಸಿ, ಚೀಲದ ಮೇಲೆ ತೆಳು ಬಟ್ಟೆ ಹಾಸಿ, ನಿದ್ದೆ ಹೋದ ಮಗುವಿನ ಬೆನ್ನು ಸವರಿದ ಹಾಗೆ ಇಸ್ತ್ರಿ ಹಾಕಿದ.

"ಇನ್ನು ಸಮುದ್ರಕ್ಕೆ ಎಸೆದ್ರೂ ಹೋಗಲ್ಲ. ಹೋಗಿ ಬಾ ಮಗ."

ಐದೂಮುಕ್ಕಾಲಿಗೆ ಅಂಗಡಿ ಮುಟ್ಟಿದ. ಒಳಗೆ ಅಂಗಡಿಯಮ್ಮ ಮಂಡಿವರೆಗೆ ಒದ್ದೆಯಾಗಿ ನಿಂತಿದ್ದರು. ಉಗ್ರಾಣದ ಮೂಲೆಯಲ್ಲಿ ಕೊಳಾಯಿಯವನು ಏಣಿ ಹತ್ತಿ ಪೈಪಿನೊಡನೆ ಗುದ್ದಾಡುತ್ತಿದ್ದ. ನಮ್ಮವನ ಕೈಯಲ್ಲಿದ್ದ ಚೀಲ ಕಂಡದ್ದೇ ತಡ, ಅಂಗಡಿಯಮ್ಮನ ಕಣ್ಣಲ್ಲಿ ನೀರು ಬಂತು.

"ನಿಮ್ಮಲ್ಲೂ ಪೈಪ್ ಒಡೀತಾ?"

ಅವರು ಅವನನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಮೇಲಿನ ಹಲಗೆಯಲ್ಲಿ ಮಾರಾಟಕ್ಕಿಟ್ಟಿದ್ದ ಬಟ್ಟೆಬಣ್ಣದ ಪುಡಿಯ ಪೊಟ್ಟಣಗಳು. ಅದರ ಕೆಳಗೆ ಅಂಗಡಿಯ ಹೆಸರು ಅಚ್ಚು ಹಾಕಿಸಲು ತರಿಸಿದ್ದ ಇನ್ನೂರು ಬಿಳಿ ಚೀಲಗಳು. ಮಧ್ಯಾಹ್ನವೆಲ್ಲ ಪೈಪಿನ ನೀರು ಪೊಟ್ಟಣಗಳನ್ನು ಹಾದು ಚೀಲಗಳ ಮೇಲೆ ತೊಟ್ಟಿಕ್ಕಿತ್ತು.

"ನೀವು ಲಾಂಡ್ರಿಯವರು. ನಿಜ ಹೇಳಿ. ಈ ಕಲೆ ಹೋಗತ್ತಾ? ಹೋಗದೆ ಇದ್ರೆ ಈ ತಿಂಗಳು ನಾನು ಬಾಗಿಲು ಹಾಕ್ಬೇಕು."

ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಗುಲಾಬಿ ಬಣ್ಣ ನೇರಳೆಯೊಳಕ್ಕೆ ಕರಗಿತ್ತು. ಅಂಚು ಕೂದಲೆಳೆಯಷ್ಟು ಸಣ್ಣಗೆ ಕಟ್ಟಿತ್ತು. ಇಷ್ಟು ಚೆನ್ನಾಗಿ ಅವನಿಗೇ ಬಂದಿರಲಿಲ್ಲ. ಹಾಳಾಯಿತು, ಎಸೆದುಬಿಡಿ ಎಂದು ಹೇಳಿದ್ದರೆ ನೂರು ಚೀಲದ ಕೆಲಸ ಅಲ್ಲೇ ಅವನ ಕೈಯಲ್ಲಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಎದುರಿಗೆ ನಿಂತ ಹೆಂಗಸಿನ ಮುಖ ನೋಡಿ ನುಂಗಿಕೊಂಡ.

"ಹೋಗಲ್ಲ ಅಮ್ಮ. ಹೋಗೋದೂ ಬೇಕಾಗಿಲ್ಲ" ಎಂದು ತನ್ನ ಚೀಲವನ್ನು ಅದರ ಪಕ್ಕಕ್ಕೆ ಇಟ್ಟ. "ಅವತ್ತು ನಾನು ಹೇಳಿದ್ದು ಇದನ್ನೇ. ನೆರಳಲ್ಲಿ ಒಣಗಿಸಿ ಬಿಸಿ ಇಸ್ತ್ರಿ ಹಾಕಿಸಿ. ಒಂದರ ಹಾಗೆ ಇನ್ನೊಂದಿಲ್ಲ ಅಂತ ಹೇಳಿ ಮಾರಿ."

ಅಂಗಡಿಯಮ್ಮ ಈ ಚೀಲ ನೋಡಿದರು, ಆ ಚೀಲ ನೋಡಿದರು. ಅಷ್ಟರಲ್ಲಿ ಹೊರಗಿನಿಂದ ಇಣುಕಿದ ಗಿರಾಕಿಯೊಬ್ಬಳು, "ಇದು ಚೆನ್ನಾಗಿದೆಯಲ್ಲ, ಎಷ್ಟು?" ಎಂದಳು. ಅವಳು ಮುಟ್ಟಿದ್ದು ಅವನ ಚೀಲವನ್ನೇ. ಅಂಗಡಿಯಮ್ಮ ಯೋಚಿಸದೆ ಒಂದು ಬೆಲೆ ಹೇಳಿದರು, ಅವಳು ಚೌಕಾಸಿ ಮಾಡದೆ ಕೊಟ್ಟು ಹೋದಳು. ಅಂಗಡಿಯಮ್ಮ ಆ ಹಣವನ್ನು ಹಾಗೇ ಅವನ ಕೈಗಿಟ್ಟರು.

"ನೀವು ನನ್ನನ್ನ ಉಳಿಸಿದ್ರಿ. ಆದ್ರೆ ಆ ನೂರು ಚೀಲ... ನನ್ನ ಹತ್ರ ಈಗ್ಲೇ ಇನ್ನೂರಿದೆಯಲ್ಲ."

"ಗೊತ್ತಾಯ್ತು ಅಮ್ಮ."

ಅವನು ಮೆಟ್ಟಿಲಿಳಿಯುವಾಗ ಅಂಗಡಿಯಮ್ಮ ಏಣಿಯ ಮೇಲಿದ್ದವನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ರೀ, ಅದನ್ನ ಪೂರ್ತಿ ಬಿಗೀಬೇಡಿ. ಇನ್ನೊಂದು ಕಟ್ಟು ಚೀಲ ತರಿಸಿ ಕೆಳಗೆ ಇಡ್ತೀನಿ."

ನೂರು ಚೀಲದ ಕೆಲಸ ಹೀಗೆ ಪೈಪಿನ ಪಾಲಾಯಿತು. ಶನಿವಾರ ಬೆಳಿಗ್ಗೆ ಅವನು ಮತ್ತೆ ಬ್ಲೀಚಿನ ಮುಂದೆ ನಿಲ್ಲಬೇಕಿತ್ತು. ಕೈಗೆ ಬಂದದ್ದು ಒಂದು ಚೀಲದ ಬೆಲೆ. ಅದು ಖರ್ಚಿಗೂ ಸಾಲುತ್ತಿರಲಿಲ್ಲ. ಆದರೆ ಅವನು ಬಟ್ಟೆಯ ಮೇಲೆ ಹಾಕಿದ ಬಣ್ಣವನ್ನು ಒಬ್ಬಳು ಹಣ ಕೊಟ್ಟು, ಹೆಗಲಿಗೇರಿಸಿಕೊಂಡು ಹೋಗಿದ್ದಳು.