ತಲೆಮಾರಿಗೆ ಎಷ್ಟು ವರ್ಷ?

ಒಂದು ತಲೆಮಾರಿಗೆ ಇಪ್ಪತ್ತೈದು ವರ್ಷ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೇ ಗಡಿಯಾರ ರಿಪೇರಿಯವನಿಗೆ ಮುಳುವಾಯಿತು.

ಅವನ ಎಂಬತ್ತೆಂಟರ ಸೋದರತ್ತೆಗೆ ಇದ್ದದ್ದು ಒಂದೇ ಆಸೆ. "ನಮ್ಮ ತಾತನ್ನ ಎಲ್ಲರೂ ದೊಡ್ಡಯ್ಯ ಅಂತಿದ್ರೇ ಹೊರತು ಹೆಸರು ಹೇಳ್ದೋರಿಲ್ಲ ಕಣೋ. ನೆನಪು ಪೂರ್ತಿ ಹಾರಿಹೋಗೋ ಮುಂಚೆ ಒಂದ್ಸಲ ಕೇಳಿಸು."

ಅತ್ತೆಯ ಅಪ್ಪನ ಜನನ ದಾಖಲೆ ಸಿಕ್ಕರೆ ಅದರಲ್ಲೇ ಅವಳ ತಾತನ ಹೆಸರೂ ಇರುತ್ತದೆ. ಹುಟ್ಟಿದ ವರ್ಷ ಮಾತ್ರ ಇವನಿಗೆ ಗೊತ್ತಿಲ್ಲ. ಜನನ-ಮರಣ ಕಚೇರಿಯಲ್ಲಿ ವರ್ಷಕ್ಕೊಂದರಂತಿದ್ದ ಹುಳ ಹಿಡಿದ ಪುಸ್ತಕಗಳೋ, ಇವತ್ತು ಸಂಜೆ ಐದಕ್ಕೆ ಕಾಗದದ ಗಿರಣಿಗೆ ಹೊರಟಿದ್ದವು.

ತನ್ನ ಅಪ್ಪ ಹುಟ್ಟಿದ್ದು ೧೯೨೪. ಇಪ್ಪತ್ತೈದು ಕಳೆದ. "೧೮೯೯ ಕೊಡಿ ಮೇಡಂ."

ಗುಮಾಸ್ತೆ ಪುಸ್ತಕ ಕೊಟ್ಟು ಸ್ಟೂಲು ತೋರಿಸಿದಳು. "ಹುಷಾರು, ಒಂದು ಕಾಲು ಗಿಡ್ಡ. ಅದರಡಿಗೆ ೧೮೭೨ರ ಪುಸ್ತಕ ಒತ್ತು ಕೊಟ್ಟಿದೀವಿ."

"ನನ್ನ ಭಾರ ಹೊರೋಕೆ ಆ ವರ್ಷ ಹುಟ್ಟಿದೋರು ಏನು ಪಾಪ ಮಾಡಿದ್ರೋ!" ಎಂದು ನಗುತ್ತಾ ಕೂತ.

ಮಧ್ಯಾಹ್ನವಾದರೂ ಹೆಸರಿಲ್ಲ. ತಮಾಷೆ ನೋಡಲು ಬಂದಿದ್ದ ಪಕ್ಕದಂಗಡಿಯ ಕ್ಷೌರಿಕ ಬಾಯಿ ಹಾಕಿದ. "ಇಪ್ಪತ್ತೈದು ಈಗಿನೋರಿಗೆ! ಆಗ ಮೀಸೆ ಚಿಗುರೋ ಮುಂಚೆ ತೊಟ್ಟಿಲು ಕಟ್ತಿದ್ರು. ಇಪ್ಪತ್ತು ಹಿಡಿ."

೧೯೦೪ ಬಂತು. ಸೀನು ಬಂತು. ಹೆಸರು ಬರಲಿಲ್ಲ.

ಎದುರುಮನೆಯ ಲೆಕ್ಕದ ಮೇಷ್ಟರೂ ಅಲ್ಲಿಗೆ ವಕ್ಕರಿಸಿದರು. "ಎಲ್ಲರೂ ಚೊಚ್ಚಲ ಮಕ್ಕಳೇನಯ್ಯಾ? ಕೊನೇ ಮಗುವಿನ ಲೆಕ್ಕ ಎಲ್ಲಿ? ಮೂವತ್ತು!"

"ನಿಮ್ಮ ಲೆಕ್ಕಕ್ಕೆ ಹುಡುಗರೇ ಓಡಿಹೋಗ್ತಿದ್ರು, ತಾತ ನಿಲ್ತಾನಾ ಸಾರ್?" ಎಂದ ಕ್ಷೌರಿಕ.

ಇಬ್ಬರ ನಡುವೆ ಲೋಲಕದಂತೆ ತೂಗುತ್ತಾ ೧೮೯೪ನ್ನೂ ಮುಗಿಸಿದ. ಇಲ್ಲ. ಹೊರಗೆ ಲಾರಿ ಬಂತು.

"ಏಳಿ ಸ್ವಾಮಿ, ಅದೂ ಹೋಗ್ಬೇಕು," ಎಂದಳು ಗುಮಾಸ್ತೆ. ಪಾಪ, ಹೆಣ್ಣುಮಗಳು ಬಗ್ಗುವುದೇಕೆಂದು ಅವನೇ ಸ್ಟೂಲಿನಡಿಯ ಪುಸ್ತಕ ಎಳೆದು, ಧೂಳು ಕೊಡವಿ, ಲಾರಿಗೆ ಹಾಕಿ ಬಂದ.

ಜೋಲು ಮುಖ ಹೊತ್ತು ಬಂದವನ ಕತೆ ಕೇಳಿ ಅತ್ತೆ ಹುಬ್ಬೇರಿಸಿದಳು. "ಇಪ್ಪತ್ತೈದು ಕಳೆದ್ಯಾ? ನಿಮ್ಮಪ್ಪ ಹುಟ್ಟಿದಾಗ ನಮ್ಮಪ್ಪನಿಗೆ ಐವತ್ತೆರಡಾಗಿತ್ತಲ್ಲೋ!"

೧೯೨೪ರಿಂದ ಐವತ್ತೆರಡು ಕಳೆದ. ೧೮೭೨. ಅವನ ಕೈಯಲ್ಲಿ ಇನ್ನೂ ಅದರ ಧೂಳಿತ್ತು.

"ಮೊದ್ಲೇ ಹೇಳ್ಬಾರದಿತ್ತಾ ಅತ್ತೆ?"

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಮರೆವಿನ ಮುದುಕಿಯನ್ನೇನು ಕೇಳುವುದೆಂದು, ಬೆಳಿಗ್ಗೆ ಅವಳ ಕುರ್ಚಿ ದಾಟಿಕೊಂಡೇ ಹೋಗಿದ್ದ.

ಸ್ವಲ್ಪ ಹೊತ್ತಿಗೆ ಅತ್ತೆ ಅವನನ್ನು ಈಗಷ್ಟೇ ಕಂಡವಳಂತೆ ತಿರುಗಿ ನೋಡಿದಳು. "ತಾತನ ಹೆಸರು ಸಿಕ್ತೇನೋ?"

ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. "ನಾಳೆ ನೋಡ್ತೀನಿ ಅತ್ತೆ."

"ಆಗ್ಲಿ ಬಿಡು. ನಮ್ಮನೆ ಗಂಡಸರಿಗೆ ಯಾವತ್ತು ಅವಸರ ಇತ್ತು?"