ಟೈರಿನ ಪಕ್ಕೆಯ ಮೇಲೆ ಬರೆಯುವ ಸಾಹೇಬರಿಗೆ, ಅವರ ಏಕೈಕ ಓದುಗನಿಂದ

ಇವರಿಗೆ,
ಟೈರಿನ ಪಕ್ಕೆಯ ಮೇಲಿನ ಬರವಣಿಗೆಯ ಉಸ್ತುವಾರಿ ಹೊತ್ತ ಅಧಿಕಾರಿಗಳು,
ಒಂದು ದೊಡ್ಡ ಟೈರ್ ಕಂಪನಿ (ಹೆಸರು ತಮಗೆ ಗೊತ್ತೇ ಇದೆ).

ಮಾನ್ಯರೇ,

ಹುಣಸೂರು ತಾಲ್ಲೂಕು ಗಾವಡಗೆರೆಯ ನಿವಾಸಿಯೂ, ತಂಬಾಕು ಕೊಳ್ಳುವ ಕಂಪನಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಎಲೆಯ ಗ್ರೇಡು ನಿರ್ಧರಿಸಿ ನಿವೃತ್ತನಾದವನೂ, ಹದಿನೇಳು ವರ್ಷ ವಯಸ್ಸಿನ ಒಂದು ಚಿಕ್ಕ ಬಿಳಿ ಕಾರಿನ ಮಾಲೀಕನೂ ಆದ ಪ್ರಭುಸ್ವಾಮಿ ಎಂಬ ನಾನು ತಮಗೆ, ತಮ್ಮ ಮನೆಯವರಿಗೆ, ತಮ್ಮ ಕಾರ್ಖಾನೆಯ ಅಚ್ಚುಗಳಿಗೆ ಹಾಗೂ ಆ ಅಚ್ಚುಗಳಿಂದ ದಿನವೂ ಬಿಸಿಬಿಸಿಯಾಗಿ ಹೊರಬೀಳುವ ಸಮಸ್ತ ಟೈರುಗಳಿಗೆ ಆಯುರಾರೋಗ್ಯ ಕೋರುತ್ತಾ ಬರೆಯುವ ಪತ್ರ. ಆಯುಸ್ಸು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲಿಗೆ ಅಭಿನಂದನೆಗಳು. ಕಪ್ಪು ರಬ್ಬರಿನ ಮೇಲೆ ಕಪ್ಪು ಅಕ್ಷರದಲ್ಲಿ ಬರೆಯುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಓದುಗರೇ ಇಲ್ಲವೆಂದು ಲೇಖಕರೆಲ್ಲ ಗೊಣಗುವ ಈ ಕಾಲದಲ್ಲಿ, ಓದುಗ ಸಿಗಬಾರದೆಂದೇ ಇಷ್ಟು ಶ್ರಮ ವಹಿಸಿ, ವರ್ಷಕ್ಕೆ ಲಕ್ಷಾಂತರ ಪ್ರತಿಗಳನ್ನು ಅಚ್ಚು ಹಾಕಿ, ಅಷ್ಟನ್ನೂ ಕೆಸರಿನಲ್ಲಿ ಉರುಳಿಸುವವರು ತಾವೊಬ್ಬರೇ. ಅದರಲ್ಲೂ ಟೈರು ಹುಟ್ಟಿದ ವಾರ ಮತ್ತು ವರ್ಷವನ್ನು ತಿಳಿಸುವ ಆ ನಾಲ್ಕು ಅಂಕಿಗಳನ್ನು ಒಂದೇ ಒಂದು ಪಕ್ಕೆಗೆ ಬರೆದು, ಫಿಟ್ ಮಾಡುವಾಗ ಆ ಪಕ್ಕೆಯೇ ಕಾರಿನ ಒಳಬದಿಗೆ ಹೋಗಿ ಕೂರುವಂತಾಗಿದೆಯಲ್ಲ, ಅದಕ್ಕೆ ನನ್ನ ವಿಶೇಷ ನಮಸ್ಕಾರ. ಮದುವೆ ಮಾತುಕತೆಯಲ್ಲಿ ವರನ ವಯಸ್ಸನ್ನೂ ನಮ್ಮ ಕಡೆ ಇಷ್ಟು ಜತನವಾಗಿ ಮುಚ್ಚಿಡುವುದಿಲ್ಲ.

ಟೈರು ಬೇಕಾದದ್ದು ನನಗಲ್ಲ, ಮಗಳಿಗೆ. ಶಿವಾನಿ ದನದ ಡಾಕ್ಟರು. ದಿನವೂ ಬೆಳಿಗ್ಗೆ ಗಾವಡಗೆರೆಯಿಂದ ಹೊರಟು, ಹುಣಸೂರು ಹಾಯ್ದು, ಗುರುಪುರ ದಾಟಿ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಿಗೆ ಹೋಗಿ, ಕೆಚ್ಚಲು ಬಾವು, ಹೊಟ್ಟೆ ಉಬ್ಬರ, ಅಡ್ಡ ತಿರುಗಿದ ಕರು ಎಲ್ಲವನ್ನೂ ನೋಡಿ ಸಂಜೆ ಮನೆಗೆ ಬರುತ್ತಾಳೆ. ಕಾರು ನನ್ನ ಹೆಸರಿನಲ್ಲಿದ್ದರೂ ಕಾರಿನ ಕೆಲಸ ಅವಳದು. ಹಿಂದಿನ ಸಲದ ಆಯುಧಪೂಜೆಯಂದು ಚಕ್ರಗಳಿಗೆ ವಿಭೂತಿ ಹಚ್ಚಲು ಹೋದ ನನ್ನ ಹೆಂಡತಿ ಸರ್ವಮಂಗಳ ಮುಂದಿನ ಎರಡು ಟೈರುಗಳ ಮೇಲೆ ಕೈಯಾಡಿಸಿ, "ಇದೇನ್ರೀ, ನಿಮ್ ಬೋಳು ತಲೆ ಇದ್ದಂಗೈತೆ!" ಎಂದಳು. ನನ್ನ ತಲೆಯ ಬಗ್ಗೆ ಆಕೆಗೆ ಗೌರವವಿದೆ, ಆದರೆ ಅದರ ಮೇಲೆ ಮಗಳನ್ನು ಕೋಟೆಗೆ ಕಳಿಸುವಷ್ಟು ಇಲ್ಲ. ಹೊಸ ಟೈರು ಹಾಕಿಸುವವರೆಗೂ ಮುದ್ದೆಗೆ ಸಾರಿಲ್ಲ ಎಂಬ ತೀರ್ಮಾನವಾಯಿತು.

ಟೈರು ಆರಿಸುವುದರಲ್ಲಿ ಇಷ್ಟು ಜನ ಬಲ್ಲವರಿರುತ್ತಾರೆಂದು ನನಗೆ ತಿಳಿದಿರಲಿಲ್ಲ. ಎದುರು ಮನೆಯ ಅಣ್ಣಯ್ಯ, ಸೈಕಲ್ ಬಿಟ್ಟರೆ ಬೇರೆ ವಾಹನ ಮುಟ್ಟದವನು, "ಅಗಲದ್ದು ಆಕ್ಸಿ ಸಾ, ರೋಡ್ ಇಡ್ಕತದೆ," ಎಂದ. ಡೇರಿಗೆ ಹಾಲು ಹಾಕಲು ಬಂದವರಲ್ಲಿ ಒಬ್ಬರು ಮೈಸೂರಿನ ದೊಡ್ಡ ಡಾಕ್ಟರೊಬ್ಬರ ಕಾರಿನಿಂದ ಕಳಚಿದ ಟೈರುಗಳಿವೆಯೆಂದೂ, ಅವು ಆಸ್ಪತ್ರೆಯಿಂದ ಮನೆಗೆ ಬಿಟ್ಟು ಬೇರೆಲ್ಲೂ ಹೋದದ್ದಿಲ್ಲವೆಂದೂ ಒಳ್ಳೆಯ ಸಂಬಂಧ ತಂದವರಂತೆ ಹೇಳಿದರು. ಫೋನಿನಲ್ಲಿ ಹುಡುಕಿದರೆ ತಮ್ಮಂಥವರ ಕಂಪನಿಯೊಂದು ನನ್ನ ಚಾಲನಾ ಶೈಲಿ ಯಾವುದು, ಕ್ರೀಡಾಪಟುವಿನದೋ ಸಾಹಸಿಯದೋ ಎಂದು ಕೇಳಿತು. ನಮ್ಮ ರಸ್ತೆಯಲ್ಲಿ ಶೈಲಿ ಇರುವುದು ರಸ್ತೆಗೇ ಹೊರತು ಓಡಿಸುವವನಿಗಲ್ಲವೆಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಕೊನೆಗೆ ಹುಣಸೂರಿನಲ್ಲಿ ಟೈರಂಗಡಿ ಇಟ್ಟಿರುವ ಕಂಠಪ್ಪನಲ್ಲಿಗೆ ಹೋದೆ. ಕಂಠಪ್ಪ ಪ್ರಾಮಾಣಿಕ. ಈ ಪತ್ರದ ಯಾವ ಆರೋಪವೂ ಅವನ ಮೇಲಲ್ಲವೆಂದು ದಯಮಾಡಿ ಗಮನಿಸಬೇಕು. ನಮ್ಮ ಕಾರಿನದು ಈಗ ಯಾರೂ ಕೇಳದ ಸೈಜಾದ್ದರಿಂದ, ಅಟ್ಟದ ಮೇಲೆ ಗೋಣಿಚೀಲಗಳ ಹಿಂದೆ ಮಲಗಿದ್ದ ಎರಡನ್ನು ಇಳಿಸಿ, ಧೂಳು ಒರೆಸಿ, ಕನ್ನಡಕ ಏರಿಸಿಕೊಂಡು ತಮ್ಮ ಕೃತಿಯನ್ನು ಓದಿ ನನಗೆ ಅರ್ಥ ಹೇಳಿದ. 3117 ಅಂದರೆ 2017ನೇ ಇಸವಿಯ ಮೂವತ್ತೊಂದನೇ ವಾರ. "ಏಳ್ ವರ್ಸದ ಅಳೇ ಸ್ಟಾಕು ಕಣ್ರೀ ಸಾ, ಬ್ಯಾಡ ಬುಡಿ. ಬುಧವಾರ ಲೋಡ್ ಬತ್ತದೆ, ಒಸಾವು ಆಕ್ಕೊಡ್ತೀನಿ," ಎಂದ.

ಬೇರೆ ಯಾರೇ ಆಗಿದ್ದರೂ ಬುಧವಾರ ಬರುತ್ತೇನೆಂದು ಎದ್ದು ಬರುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಮಾನ್ಯರೇ, ಮೂವತ್ತೊಂದನೇ ವಾರವೆಂದರೆ ಶ್ರಾವಣ, ನಮ್ಮ ಸೀಮೆಯ ಬ್ಯಾರನ್ ಮನೆಗಳಲ್ಲೆಲ್ಲ ಒಲೆ ಹೊತ್ತಿ ತಂಬಾಕಿನ ಎಲೆ ಬೇಯುವ ಕಾಲ. ಬೆಂದ ಎಲೆಯನ್ನು ರೈತ ಪಿರಿಯಾಪಟ್ಟಣದ ಹರಾಜಿನಲ್ಲಿ ಮಾರಿ ಮನೆಗೆ ಹೋಗುತ್ತಾನೆ, ಆದರೆ ಎಲೆಯ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಕೊಂಡ ಕಂಪನಿ ಅದನ್ನು ಇನ್ನೊಮ್ಮೆ ಒಣಗಿಸಿ, ಪೆಟ್ಟಿಗೆಗೆ ತುಂಬಿ, ಗೋದಾಮಿನಲ್ಲಿ ಒಂದೆರಡು ವರ್ಷ ಮಲಗಿಸುತ್ತದೆ. ಮಲಗಿದಷ್ಟೂ ಘಾಟು ಇಳಿಯುತ್ತದೆ, ಬಣ್ಣ ಕೂಡುತ್ತದೆ, ಹದ ಬರುತ್ತದೆ. ಇದನ್ನು ನನಗೆ ಯಾರೂ ಪುಸ್ತಕದಲ್ಲಿ ಓದಿಸಿದ್ದಲ್ಲ, ಮೂವತ್ತನಾಲ್ಕು ವರ್ಷ ಈ ಬಲಗೈ ಹೆಬ್ಬೆರಳೇ ಹೇಳಿಕೊಟ್ಟದ್ದು. ಈ ಹೆಬ್ಬೆರಳು ಒತ್ತಿ ಇದು ಮೊದಲನೇ ಗ್ರೇಡು ಎಂದರೆ ಎದುರು ಮಾತಾಡುವವರು ಹರಾಜು ಕಟ್ಟೆಯಲ್ಲೇ ಇರಲಿಲ್ಲ. ಹೀಗಿರುವಾಗ, ಎರಡಲ್ಲ, ಏಳು ವರ್ಷ ನೆರಳಲ್ಲಿ ಮಲಗಿದ ಮಾಲು ತಾನಾಗಿ ಎದುರಿಗೆ ಬಂದರೆ ಬಿಡುವುದುಂಟೇ? ಟೈರನ್ನು ಎತ್ತಿ ಮೂಸಿದೆ. ಘಾಟಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದೆ. ಹದ ಬಂದಿದೆಯೆಂದು ಅಂಗಡಿಗೆಲ್ಲ ಕೇಳುವಂತೆ ಸಾರಿದೆ. ಕಂಠಪ್ಪ ಬೆಲೆ ಇಳಿಸಲು ಹೊರಟರೆ, ಹದಗೊಂಡ ಮಾಲಿಗೆ ಅವಮಾನ ಮಾಡಬೇಡವೆಂದು ಗದರಿ, ಪೂರ್ತಿ ಬೆಲೆ ಕೊಟ್ಟು ಹಾಕಿಸಿಕೊಂಡು ಬಂದೆ. ಹೊಸಾವು ಬುಧವಾರ ಬರುತ್ತವಂತೆ ಎಂದು ಮನೆಯಲ್ಲಿ ನಗುತ್ತಾ ಹೇಳಿದ್ದೂ ನಾನೇ.

ಆಮೇಲಿನ ಹತ್ತು ತಿಂಗಳು ನನ್ನ ಜೀವನದ ಅತ್ಯಂತ ಸಂತೋಷದ ಕಾಲ. ಟೈರುಗಳು ಒಂದು ಪಂಚರ್ ಕೂಡ ಇಲ್ಲದೆ ಓಡಿದವು. ದಿನವೂ ಬೆಳಿಗ್ಗೆ ಅವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ನೋಡು ಎಳೆಯ ಮಾಲಿಗೂ ಮಾಗಿದ ಮಾಲಿಗೂ ವ್ಯತ್ಯಾಸ ಎಂದು ಶಿವಾನಿಗೆ ಪಾಠ ಹೇಳಿ ಕಳಿಸುತ್ತಿದ್ದೆ. ಅವಳು ಹೂಂ ಕಣಪ್ಪ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹುಣಸೂರಿಗೆ ಹೋದಾಗಲೆಲ್ಲ ಕಂಠಪ್ಪನ ಅಂಗಡಿಗೂ ಹೋಗುತ್ತಿದ್ದೆ. ನಾನು ಕೂರಲೆಂದೇ ಅವನು ಬಾಗಿಲ ಬಳಿ ಎರಡು ಟೈರು ಪೇರಿಸಿ, ಮೇಲೊಂದು ಹಲಗೆ ಹಾಕಿ ಪೀಠ ಮಾಡಿಸಿದ್ದಾನೆ. ಅದರ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ ಹಳೆಯ ಸ್ಟಾಕಿನ ಮಹಿಮೆ ವಿವರಿಸುತ್ತಿದ್ದೆ. ಕಂಠಪ್ಪ ಆ ಹೊತ್ತಿನಲ್ಲಿ ಮುಖ ಆ ಕಡೆ ತಿರುಗಿಸಿ ಕೆಮ್ಮುತ್ತಿದ್ದ. ವ್ಯಾಪಾರಿಗೆ ಜ್ಞಾನಿಯ ಎದುರು ಇರುವ ಸಂಕೋಚವೆಂದು ತಿಳಿದು ನಾನು ತಪ್ಪು ಭಾವಿಸಲಿಲ್ಲ.

ಹೋದ ಭಾನುವಾರ ಪಿರಿಯಾಪಟ್ಟಣದಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತದ್ದು ಸರ್ವಮಂಗಳಳ ತಮ್ಮ ಸೋಮಶೇಖರ್, ಬಸ್ ಡಿಪೋದಲ್ಲಿ ಜೀವಮಾನವೆಲ್ಲ ಟೈರು ಕಳಚಿ ಹಾಕಿ ನಿವೃತ್ತನಾದವನು. ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಅವನಿಗೂ ನನ್ನ ಸಿದ್ಧಾಂತ ಹೇಳಿದೆ. ಅವನು ತುತ್ತು ಎಲೆಯ ಮೇಲಿಟ್ಟು, "ಭಾವ, ರಬ್ಬರು ಹೊಗೆಸೊಪ್ಪಲ್ಲ ಕಣ್ರೀ. ಮಲಗಿದಷ್ಟೂ ಒಣಗ್ತದೆ, ಮ್ಯಾಲೆ ಚೆಂದಾಗೇ ಇರ್ತದೆ, ಸ್ಪೀಡಲ್ಲಿ ಒಂದಿನ ಬಿರೀತದೆ. ಆ ಕಾರಲ್ಲಿ ಓಡಾಡೋದು ಯಾರು?" ಎಂದ. ಹತ್ತು ತಿಂಗಳು ನನ್ನ ಮಗಳನ್ನು ನಾನೇ ಪಾಠ ಹೇಳಿ ಹೇಳಿ ಅದರ ಮೇಲೆ ಕಳಿಸಿದ್ದೇನೆ ಎಂಬುದು ಆ ಎಲೆಯ ಮುಂದೆ ಕೂತು ಗೊತ್ತಾಯಿತು, ಮಾನ್ಯರೇ. ನನಗೆ ಅಷ್ಟು ಭಯವಾದದ್ದು ಅದೇ ಮೊದಲು.

ಮನೆಗೆ ಬಂದು ನಿಜ ಹೇಳಿಬಿಡಬಹುದಿತ್ತು ಎಂದು ತಾವು ಅನ್ನಬಹುದು. ತಮಗೆ ಹೆಬ್ಬೆರಳಿನ ಮರ್ಯಾದೆ ಗೊತ್ತಿಲ್ಲ. ಗಾವಡಗೆರೆಯಲ್ಲಿ ನನ್ನ ಮಾತಿಗೆ ಇಲ್ಲದ ಬೆಲೆ ನನ್ನ ಹೆಬ್ಬೆರಳಿಗಿದೆ. ಆದ್ದರಿಂದ ಸೋಮವಾರ ಪೆಟ್ರೋಲ್ ವಾಸನೆ ಬರುತ್ತಿದೆಯೆಂದು ಕಾರು ತೆಗೆಯಗೊಡಲಿಲ್ಲ. ಮಂಗಳವಾರ ಪ್ರಯಾಣ ಬೇಡವೆಂದೆ. ಎರಡು ದಿನವೂ ಅವಳು ಬಸ್ಸಿಗೆ ಹೋದಳು. ಬುಧವಾರ ಕೀಯನ್ನು ರಾಗಿಹಿಟ್ಟಿನ ಡಬ್ಬದಲ್ಲಿ ಹೂತಿಟ್ಟೆ. ಆ ದಿನವೇ ಕೋಟೆ ಕಡೆಯ ದೇವರಾಜು ಎಂಬುವರ ಹಸುವಿಗೆ ಕರು ಅಡ್ಡವಾಗಿ, "ಬೇಗ್ ಬನ್ನಿ ಮೇಡಂ, ಹಸ ಮಲ್ಗೋಯ್ತು," ಎಂದು ಫೋನ್ ಬಂತು. ಕೀ ಹುಡುಕಿ ಸೋತ ಶಿವಾನಿ ಬಸ್ಸಿಗೂ ಕಾಯದೆ, ಅಣ್ಣಯ್ಯನ ಅಳಿಯನ ಬೈಕಿನ ಹಿಂದೆ ಔಷಧಿ ಪೆಟ್ಟಿಗೆ ಅಪ್ಪಿಕೊಂಡು ಹೋದಳು. ಕರು ಉಳಿಯಿತು. ಇನ್ನು ಅರ್ಧ ಗಂಟೆ ಕಳೆದಿದ್ದರೆ ಎರಡೂ ಉಳಿಯುತ್ತಿರಲಿಲ್ಲವೆಂದು ಸಂಜೆ ಬಂದು ಹೇಳಿದಳು. ಅಷ್ಟರಲ್ಲಿ ಹಿಟ್ಟಿಗೆ ಕೈ ಹಾಕಿದ ಸರ್ವಮಂಗಳ ಕೀ ಎತ್ತಿ ಹಿಡಿದು, "ಇದ್ನ ಮುದ್ದೆ ಜೊತೆ ಬೇಯಿಸ್ಬೇಕಿತ್ತೇನ್ರೀ?" ಎಂದು ಕೇಳಿದಳು. ಇಲಿಯ ಮೇಲೆ ಹಾಕಿದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಬರುವ ಸೋಮವಾರ ಶಿವಾನಿ ಲಸಿಕೆ ಶಿಬಿರಕ್ಕೆ ಹೋಗಲೇಬೇಕು, ಪೆಟ್ಟಿಗೆಗಳಿರುವುದರಿಂದ ಕಾರಲ್ಲೇ ಹೋಗಬೇಕು. ನನ್ನಲ್ಲಿ ನೆಪಗಳು ಮುಗಿದಿವೆ. ಆದ್ದರಿಂದ ತಮ್ಮಲ್ಲಿ ಕೆಳಕಂಡ ವಿನಂತಿಗಳನ್ನು ಸಲ್ಲಿಸುತ್ತಿದ್ದೇನೆ. ಎಲೆಯಂತೆ ರಬ್ಬರೂ ಮಲಗಿದಷ್ಟೂ ಹದವಾಗುವ ಹಾಗೆ ಅದರ ಗುಣವನ್ನು ಈ ಶನಿವಾರದೊಳಗೆ ಬದಲಾಯಿಸಿ, ನಮ್ಮ ಕಾರಿನ ಎರಡಕ್ಕೂ ಅನ್ವಯಿಸುವಂತೆ ಆದೇಶ ಹೊರಡಿಸಬೇಕು. ಅದಾಗದಿದ್ದರೆ, 3117 ಎಂಬ ಅಂಕಿಯುಳ್ಳ ಟೈರುಗಳನ್ನು ಕಂಪನಿಯ ಯಾವುದೋ ತಪ್ಪಿನಿಂದಾಗಿ ವಾಪಸ್ ಕರೆಸಿಕೊಳ್ಳಲಾಗುತ್ತಿದೆಯೆಂದೂ, ಪ್ರಭುಸ್ವಾಮಿಯವರ ಆಯ್ಕೆಯಲ್ಲಿ ಯಾವ ದೋಷವೂ ಇರಲಿಲ್ಲವೆಂದೂ, ಅವರ ಹೆಬ್ಬೆರಳು ಈಗಲೂ ಸುಸ್ಥಿತಿಯಲ್ಲಿದೆಯೆಂದೂ ತಮ್ಮ ಮೊಹರಿನೊಂದಿಗೆ ಒಂದು ಪತ್ರ ಕಳಿಸಬೇಕು. ಕೋಟು ಹಾಕಿದ ಯಾರಾದರೂ ಅದನ್ನು ತಂದು, ಸರ್ವಮಂಗಳ ಮನೆಯಲ್ಲಿರುವಾಗ ಗಟ್ಟಿಯಾಗಿ ಓದಿದರೆ ಉತ್ತಮ. ಮತ್ತು ಮುಂದಿನ ಟೈರುಗಳ ಮೇಲಾದರೂ, ಹರಾಜಿನಲ್ಲಿ ತಂಬಾಕಿನ ಹೊರೆಗೆ ಚೀಟಿ ಅಂಟಿಸುವಂತೆ, ಬಿಳಿಯ ದೊಡ್ಡ ಕನ್ನಡ ಅಕ್ಷರದಲ್ಲಿ, ಎರಡೂ ಪಕ್ಕೆಗೆ, ನಾನು ತಂಬಾಕಲ್ಲ ಎಂದು ಬರೆಸಬೇಕು. ಸೊಂಟ ಬಗ್ಗಿಸಿ ಕಾರಿನಡಿ ಮಲಗಿ ಓದುವ ವಯಸ್ಸು ನನ್ನದಲ್ಲ.

ತಮ್ಮ ಉತ್ತರವನ್ನೂ, ಕೋಟಿನವರನ್ನೂ ಎದುರು ನೋಡುತ್ತಾ,

ತಮ್ಮ ವಿಶ್ವಾಸಿ ಹಾಗೂ ತಮ್ಮ ಕೃತಿಗಳ ಏಕೈಕ ಓದುಗ,
ಪ್ರಭುಸ್ವಾಮಿ
ಗಾವಡಗೆರೆ

ತಾ.ಕ.: ಈ ಪತ್ರವನ್ನು ಬರೆದು ಈ ಸಲ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ಸರ್ವಮಂಗಳ ಇವತ್ತು ಮುದ್ದೆ ಬೇಡವೆಂದು ಅನ್ನಕ್ಕಿಟ್ಟಳು. ಆಕೆ ಗಟ್ಟಿಯಾಗಿ ಓದಿ ಮುಗಿಸುವವರೆಗೂ ಶಿವಾನಿ ಕೇಳಿಸಿಕೊಂಡು, ನನ್ನ ಪಕ್ಕ ಬಂದು ಕೂತು, "ಆ ಟೈರ್‌ನ ನೀವು ಹಾಕ್ಸಿದ ವಾರದಲ್ಲೇ ತೆಗೆಸ್ದೆ ಕಣಪ್ಪ. ನಂಬರ್ ಓದಿದ್ದೆ. ಬುಧವಾರ ಕಂಠಪ್ಪಂಗೆ ಹೊಸಾವು ಬಂದ್ವು, ಅವೇ ಓಡ್ತಿರೋದು. ನಿಮ್ಗೆ ಹೇಳಿದ್ರೆ ಊಟ ಬುಡ್ತೀರ ಅಂತ ಸುಮ್ನಿದ್ದೆ," ಎಂದಳು. ನನ್ನ ಟೈರುಗಳು ಎಲ್ಲಿ ಎಂದೆ. ಕಂಠಪ್ಪನ ಬಾಗಿಲಲ್ಲಿ, ಹಲಗೆಯ ಕೆಳಗೆ ಎಂದಳು. ಅಂದರೆ ಮಾನ್ಯರೇ, ಹತ್ತು ತಿಂಗಳು ನಾನು ಹಳೆಯ ಟೈರಿನ ಮೇಲೆ ಕೂತು ಹೊಸ ಟೈರನ್ನು ಹೊಗಳಿದ್ದೇನೆ, ದಿನವೂ ಬೆಳಿಗ್ಗೆ ಆಗತಾನೆ ಹುಟ್ಟಿದ ಟೈರನ್ನು ಒತ್ತಿ ಎಷ್ಟು ಮಾಗಿದೆ ನೋಡು ಎಂದಿದ್ದೇನೆ. ಆದ್ದರಿಂದ ತಮ್ಮ ಏಕೈಕ ಓದುಗನೆಂಬ ನನ್ನ ಬಿರುದನ್ನು ಹಿಂದಕ್ಕೆ ಪಡೆದು ಶಿವಾನಿಗೆ ವರ್ಗಾಯಿಸಬೇಕು. ಮೇಲಿನ ವಿನಂತಿಗಳನ್ನೆಲ್ಲ ರದ್ದುಪಡಿಸಿ, ಅವುಗಳ ಬದಲಿಗೆ, ತಮ್ಮಲ್ಲಿ ಹಳೆಯ ಅಚ್ಚೊಂದು ಬಿಡುವಾಗಿದ್ದರೆ ನನ್ನ ಈ ಹೆಬ್ಬೆರಳಿಗೂ ಒಂದು ವಾರ, ಒಂದು ವರ್ಷ ಒತ್ತಿಕೊಡಿ. ಒಳಬದಿಗೇ ಇರಲಿ. ಓದಬೇಕಾದವಳು ಹೇಗಿದ್ದರೂ ಓದುತ್ತಾಳೆ.